ಎರಡನೇ ವರ್ಬ್ ಎಲ್ಲಿ ಹೋತು?

ಪ್ರಶ್ನೆ: ಸರ್, ಬ್ಯಾಂಕ್ ಎಕ್ಸಾಮಿಗೆ ಓದಾಕತ್ತೀನಿ. ‘ಮೈ ಸಿಸ್ಟರ್ ವರ್ಕ್ಸ್ ಇನ್ ಬಳ್ಳಾರಿ, ಅಂಡ್ ಮೈ ಬ್ರದರ್ ಇನ್ ರಾಯಚೂರು’ ಅಂತ ಬರದಿದ್ದೆ. ಎರಡನೇ ಅರ್ಧಕ್ಕ ವರ್ಬೇ ಇಲ್ಲ ಅಂತ ಕೋಚಿಂಗ್‌ನಾಗ ಕೆಂಪು ಗೆರಿ ಎಳದಾರ. ಗೆಳ್ಯಾ ನೋಡಿದ್ರ ಬ್ರದರ್ ಆದಮ್ಯಾಲೆ ಕಾಮಾ ಹಾಕಬೇಕಿತ್ತು ಅಂತಾನ. ಯಾವುದು ಖರೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ನಿಮ್ಮ ವಾಕ್ಯ ಸರಿ ಐತ್ರಿ, ಅಂಡ್ ಹಿಂದಿನ ಕಾಮಾನೂ ಇರೋ ಜಾಗದಾಗೇ ಐತಿ. ಮೊದಲ ಅರ್ಧದಾಗಿನ ವರ್ಕ್ಸೇ ಎರಡನೇದಕ್ಕೂ ನಡಿತೈತಿ, ಇದಕ್ಕ ಗ್ಯಾಪಿಂಗ್ ಅಂತಾರ. ಜಾನ್ ರಾಸ್ ಅನ್ನೋ ಭಾಷಾಶಾಸ್ತ್ರಜ್ಞರು 1970ರಾಗ ಇದರ ಬಗ್ಗೆ ಬರದು ಒಂದು ಚಲೋ ಸಂಗತಿ ತೋರಿಸಿದ್ರು, ವರ್ಬ್ ನಡಕ ಬರೋ ಇಂಗ್ಲಿಷಿನಂಥ ಭಾಷೆಯಾಗ ಮೊದಲನೇದು ಉಳದು ಮುಂದಿಂದು ಬಿಟ್ಟು ಹೋಗ್ತೈತಿ, ವರ್ಬ್ ಕೊನಿಗೆ ಬರೋ ಭಾಷೆಯಾಗ ಉಲ್ಟಾ. ನಮ್ಮ ಮಾತೇ ನೋಡ್ರಿ: ‘ಅಕ್ಕ ಬಳ್ಳಾರಿಯಾಗ, ಅಣ್ಣ ರಾಯಚೂರಾಗ ಕೆಲಸ ಮಾಡ್ತಾರ.’ ಕೊನಿಗೆ ‘ಮಾಡ್ತಾರ’ ಬರೋತನಕ ಕಾಯ್ತೀವಿ. ಇದ ರೂಢಿ ಮ್ಯಾಲೆ ಎಷ್ಟೋ ಹುಡುಗರು ‘ಮೈ ಸಿಸ್ಟರ್ ಇನ್ ಬಳ್ಳಾರಿ, ಅಂಡ್ ಮೈ ಬ್ರದರ್ ವರ್ಕ್ಸ್ ಇನ್ ರಾಯಚೂರು’ ಅಂತ ಬರೀತಾರ, ಕೆಂಪು ಗೆರಿ ಬೀಳಬೇಕಾದದ್ದು ಅದಕ್ಕ, ನಿಮ್ಮದಕ್ಕಲ್ಲ.

ಇನ್ನ ನಿಮ್ಮ ಗೆಳ್ಯಾನ ಕಾಮಾ. ವರ್ಬ್ ಬಿಟ್ಟ ಜಾಗಕ್ಕ ಕಾಮಾ ಇಡೋ ಪದ್ಧತಿ ಐತಿ ಖರೆ, ಆದ್ರ ಹಂಗ ಇಟ್ಟಾಗ ಅಂಡ್ ತಗದು ನಡಕ ಸೆಮಿಕೋಲನ್ ಹಾಕಿದ್ರ ಚಂದ: ‘ಮೈ ಸಿಸ್ಟರ್ ವರ್ಕ್ಸ್ ಇನ್ ಬಳ್ಳಾರಿ; ಮೈ ಬ್ರದರ್, ಇನ್ ರಾಯಚೂರು.’ ಅರ್ಥ ಸ್ಪಷ್ಟ ಇದ್ರ ಆ ಕಾಮಾ ಬೇಕಾಗಿಲ್ಲ, ಈಗಿನವರು ಬಾಳ ಮಂದಿ ಹಾಕೂದೂ ಇಲ್ಲ.

ಎಡವೋದು ಎಲ್ಲಿ ಅಂದ್ರ ಎರಡು ಹೆಸರು ಒತ್ತಟ್ಟಿಗೆ ಬಂದಾಗ. ‘ರಾಜು ಕಾಲ್ಡ್ ಗೀತಾ, ಅಂಡ್ ರವಿ ಮಾಲಾ’ ಅಂತ ಬರದ್ರ ರವಿ ಮಾಲಾ ಅನ್ನೋದು ಒಬ್ಬರದೇ ಹೆಸರು ಅನಸ್ತೈತಿ. ಸರಿ, ನಡಕ ಕಾಮಾ ಹಾಕೋಣ ಅಂದ್ರ ‘ಗೀತಾ, ಅಂಡ್ ರವಿ, ಮಾಲಾ’ ಆಗಿ ರಾಜು ಮೂರೂ ಮಂದಿಗೆ ಫೋನ್ ಮಾಡಿದಂಗ ಕಾಣ್ತೈತಿ. ಇಂಥಲ್ಲಿ ಜಾಣತನ ಬ್ಯಾಡ್ರಿ, ‘ರವಿ ಕಾಲ್ಡ್ ಮಾಲಾ’ ಅಂತ ವರ್ಬ್ ಇನ್ನೊಮ್ಮೆ ಬರದುಬಿಡ್ರಿ, ಒಂದು ಶಬ್ದ ಹೆಚ್ಚಾದ್ರೂ ಓದೋರಿಗೆ ತೊಡಕಿಲ್ಲ.

ಇನ್ನೊಂದು, ಈ ಬಿಡೋ ಆಟ ಅಂಡ್, ಆರ್, ಬಟ್ ಇಂಥವುದರ ಕೂಡ ನಡಿತೈತಿ, ಬಿಕಾಸ್, ವೆನ್ ಬಂದಲ್ಲಿ ನಡೆಯಂಗಿಲ್ಲ. ‘ಮೈ ಸಿಸ್ಟರ್ ವರ್ಕ್ಸ್ ಇನ್ ಬಳ್ಳಾರಿ ಬಿಕಾಸ್ ಮೈ ಬ್ರದರ್ ಇನ್ ರಾಯಚೂರು’ ಅಂತ ಬರದ್ರ ಮಾರ್ಕ್ಸ್ ಹೋಗ್ತಾವ, ಅಲ್ಲಿ ಎರಡನೇ ವರ್ಕ್ಸ್ ಬೇಕೇ ಬೇಕು.