ಆಪ್ತಸಲಹೆ ಪ್ರಕರಣ: ಬಿ.ಕಾಂ.ಗೆ ವಾರಕ್ಕೆ ನಾಲ್ಕು ಗಂಟೆ ಕಡಿಮೆ ಬಿತ್ತು

ಶಾರದಾ (ಹೆಸರು, ಗುರುತು ಬದಲಿಸಿದೆ) ಅವರಿಗೆ 36 ವರ್ಷ. ಧಾರವಾಡದ ಕಡೆಯವರು, ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ಪಿಯುಸಿ ಕಾಮರ್ಸ್ ಮುಗಿಸಿ 18 ವರ್ಷವಾಗಿದೆ. ಅಕೌಂಟ್ಸ್ ವಿಭಾಗಕ್ಕೆ ಹೋಗಬೇಕೆಂದರೆ ಡಿಗ್ರಿ ಬೇಕು. ಮನೆಯಲ್ಲಿ ಗಂಡ, ಒಂಬತ್ತನೇ ತರಗತಿಯ ಮಗಳು, ಐದನೇ ತರಗತಿಯ ಮಗ, ಶುಗರ್ ಇರುವ ಅತ್ತೆ. “ಮಗಳದು ಎಸ್ಸೆಸ್ಸೆಲ್ಸಿ ಮುಗೀಲಿ, ಆಮ್ಯಾಲ ನೋಡೂಣು” ಅನ್ನುವುದು ಗಂಡನ ಮಾತು. “ನಂಗ ಈ ವಯಸ್ಸಿನಾಗ ತಲಿಗೆ ಹತ್ತತೈತೇನ್ರಿ?” ಅನ್ನುವುದು ಇವರ ಅಳುಕು.

ತಲೆಗೆ ಹತ್ತುತ್ತದೋ ಇಲ್ಲವೋ ಎಂಬ ಚರ್ಚೆಗೆ ನಾವು ಹೋಗಲಿಲ್ಲ. ಅರ್ಧ ಗಂಟೆಗೊಂದು ಸಾಲಿನಂತೆ ಒಂದು ವಾರದ ದಿನಚರಿ ಬರೆದು ತರಲು ಹೇಳಿದೆವು. ಬಸ್ಸು, ನಿದ್ದೆ, ಅಡುಗೆ ಎಲ್ಲ ಕಳೆದು ನೋಡಿದಾಗ ಓದಿಗೆ ಸಿಗುವ ಸಮಯ ವಾರಕ್ಕೆ 11 ಗಂಟೆ.

ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ಸೆಮಿಸ್ಟರಿಗೆ ಇಂಥ ಐದು ಪತ್ರಿಕೆ ಎಂದು ಹಿಡಿದರೆ 600 ಗಂಟೆಯಾಯಿತು. 24 ವಾರಕ್ಕೆ ಹಂಚಿದರೆ ವಾರಕ್ಕೆ 25. ಶಾರದಾ ಅವರ 11 ಗಂಟೆಯಲ್ಲಿ ಎರಡೇ ಪತ್ರಿಕೆ ಸರಿಯಾಗಿ ಆಗುತ್ತವೆ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಎಳೆಯಬಹುದು ನಿಜ, ಆದರೆ ಸೆಮಿಸ್ಟರಿಗೆ ಎರಡರಂತೆ ಆರು ವರ್ಷಕ್ಕೆ 24 ಪತ್ರಿಕೆ, ಬೇಕಾದದ್ದು 30. ಮೂರರಂತೆ ಹೋದರೆ ಐದು ವರ್ಷಕ್ಕೆ ಮುಗಿದು, ಫೇಲಾದದ್ದನ್ನು ಬರೆಯಲು ಒಂದು ವರ್ಷ ಕೈಯಲ್ಲಿರುತ್ತದೆ. ಅದಕ್ಕೆ ವಾರಕ್ಕೆ 15 ಗಂಟೆ ಬೇಕು. ಅಂದರೆ ಹುಡುಕಬೇಕಾದದ್ದು ನಾಲ್ಕೇ ಗಂಟೆ.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆವು. “ಹೆಂಡತಿಗೆ ಸಹಕಾರ ಕೊಡಿ” ಎಂದರೆ ಯಾವ ಗಂಡನೂ ಇಲ್ಲ ಅನ್ನುವುದಿಲ್ಲ, ಆಮೇಲೆ ಏನೂ ನಡೆಯುವುದೂ ಇಲ್ಲ. ಹಾಗಾಗಿ ದಿನಚರಿಯ ಹಾಳೆಯನ್ನೇ ಅವರ ಮುಂದಿಟ್ಟು, ನಾಲ್ಕು ಗಂಟೆ ಎಲ್ಲಿಂದ ಬರಬೇಕು ಎಂದು ಕೇಳಿದೆವು. ಬೆಳಿಗ್ಗೆ ಜೋಳದ ರೊಟ್ಟಿ ಬಡಿಯಲು 40 ನಿಮಿಷ ಹೋಗುತ್ತಿತ್ತು. ವಾರಕ್ಕೆ ಮೂರು ದಿನ ರೊಟ್ಟಿ ಮಾರುವವರಿಂದ ತರಿಸಿದರೆ ಎರಡು ಗಂಟೆ ಉಳಿಯಿತು. ಭಾನುವಾರದ ಸಂತೆ, ಅತ್ತೆಯ ರಕ್ತಪರೀಕ್ಷೆ, ಮಾತ್ರೆ ಡಬ್ಬಿ ತುಂಬುವುದು ಗಂಡನ ಪಾಲಿಗೆ, ಇನ್ನೆರಡು ಗಂಟೆ. ಮಗಳ ಎಸ್ಸೆಸ್ಸೆಲ್ಸಿ ವರ್ಷದಲ್ಲಿ ತಾಯಿ ಓದುವುದು ಅಡ್ಡಿಯೆಂದು ನಮಗೆ ಅನಿಸಲಿಲ್ಲ. ಸಂಜೆ ಏಳೂವರೆಯಿಂದ ಇಬ್ಬರೂ ಒಂದೇ ಮೇಜಿಗೆ ಕೂರಲಿ, ಟೀವಿ ಆಗ ಬಂದ್ ಎಂದು ಗೊತ್ತುಮಾಡಿದೆವು.

ಎಲ್ಲಿ ಓದಬೇಕು ಎಂಬುದು ಬೇಗ ಇತ್ಯರ್ಥವಾಯಿತು. ಪಿಯುಸಿ ಕನ್ನಡ ಮಾಧ್ಯಮ, ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯುವ ಇಚ್ಛೆ. ಆದ್ದರಿಂದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಪತ್ರಿಕೆ ಉಳಿಸಿಕೊಂಡು ಮುಂದಿನ ಸೆಮಿಸ್ಟರಿಗೆ ಹೋಗುವ ನಿಯಮವನ್ನು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಓದಿಕೊಂಡೇ ಶುಲ್ಕ ಕಟ್ಟಲು ಹೇಳಿದೆವು. “ಒಂದೇ ವರ್ಷದಲ್ಲಿ ಡಿಗ್ರಿ” ಎಂದ ಏಜೆಂಟನ ನಂಬರ್ ಅವರ ಫೋನಿನಲ್ಲಿತ್ತು, ಅದನ್ನು ಅಳಿಸಿದರು.

ತೊಡಕು ಎದ್ದದ್ದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ತಂದೆಯ ಹೆಸರು ಮತ್ತು ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಮತ್ತು ಅಡ್ಡಹೆಸರು. ಉತ್ತರ ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ದೂರಶಿಕ್ಷಣದ ಪ್ರವೇಶಕ್ಕೆ ಈಗ ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗ ಕೊಡುವ ವಿದ್ಯಾರ್ಥಿ ಸಂಖ್ಯೆ) ಬೇಕು, ಅದಕ್ಕೆ ಎಬಿಸಿ ಐಡಿ (ಗಳಿಸಿದ ಕ್ರೆಡಿಟ್ ಜಮೆಯಾಗುವ ಆನ್‌ಲೈನ್ ಖಾತೆಯ ಸಂಖ್ಯೆ), ಅದಕ್ಕೆ ಆಧಾರ್. ಹೆಸರು ತಾಳೆಯಾಗದಿದ್ದರೆ ಕೊನೆಯ ವಾರದಲ್ಲಿ ಅರ್ಜಿ ನಿಲ್ಲುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ. ಅದರ ಜೊತೆಗೆ ಪಿಎಫ್, ಪಾನ್, ಬ್ಯಾಂಕ್ ಖಾತೆಯೂ ತಾಳೆಯಾಗಬೇಕು. ಆದ್ದರಿಂದ ಅವಸರದಲ್ಲಿ ತಿದ್ದಿಸಬೇಡಿ, ಮೊದಲು ಅಂಕಪಟ್ಟಿ, ಮದುವೆ ನೋಂದಣಿ ಪತ್ರ ಹಿಡಿದು ವಿಶ್ವವಿದ್ಯಾನಿಲಯದ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ, ಅದೂ ಪ್ರವೇಶ ಶುರುವಾಗುವ ಎರಡು ತಿಂಗಳ ಮುಂಚೆ ಎಂದೆವು.

ಓದಿನಲ್ಲಿ ಎರಡು ಕಡೆ ಜನ ಜಾರುತ್ತಾರೆ. ಒಂದು ಅಸೈನ್‌ಮೆಂಟ್. ಶೇ. 30ರವರೆಗೂ ಅಂಕ ಅಲ್ಲೇ ಇರಬಹುದು. ಪರೀಕ್ಷೆ ಚೆನ್ನಾಗಿ ಬರೆದೂ ಇದನ್ನು ಕೊಡದೆ ಫಲಿತಾಂಶ ತಡೆಹಿಡಿಸಿಕೊಂಡವರಿದ್ದಾರೆ. ಪಠ್ಯ ಕೈಗೆ ಬಂದ ಆರನೇ ವಾರದೊಳಗೆ ಮೊದಲನೆಯದನ್ನು ಮುಗಿಸಿ, ಸಲ್ಲಿಸಿದ ರಸೀದಿಯ ಫೋಟೊ ಇಟ್ಟುಕೊಳ್ಳಬೇಕು. ಇನ್ನೊಂದು, ಕೈ. ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿದವರಿಗೆ ಇಪ್ಪತ್ತು ನಿಮಿಷ ಬರೆದರೆ ಹೆಬ್ಬೆರಳ ಬುಡ ನೋಯುತ್ತದೆ, ಮೂರು ಗಂಟೆಯ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬಿಟ್ಟು ಬರುತ್ತಾರೆ. ವಾರಕ್ಕೆ ಮೂರು ದಿನ 20 ನಿಮಿಷದಿಂದ ಶುರುಮಾಡಿ ಒಂದು ಗಂಟೆಗೆ ಏರಿಸಿ, ಪರೀಕ್ಷೆಗೆ ಮೂರು ವಾರ ಮುಂಚೆ ಒಂದು ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಬರೆಯಲು ಹೇಳಿದೆವು. ಗಳಿಕೆ ರಜೆಯನ್ನು ಹಬ್ಬಕ್ಕೆ ಖರ್ಚು ಮಾಡದೆ ಪರೀಕ್ಷೆಗೆ ಉಳಿಸಿ, ವೇಳಾಪಟ್ಟಿ ಬಂದ ದಿನವೇ ಲಿಖಿತ ಅರ್ಜಿ ಕೊಡಬೇಕು.

ಅತ್ತೆಗೆ ಕೊಂಡ ರೊಟ್ಟಿ ಒಗ್ಗಲಿಲ್ಲ. ಈಗ ಅವರಿಗೆ ಎರಡು ರೊಟ್ಟಿ ಮನೆಯಲ್ಲೇ ಬಡಿಯುತ್ತಾರೆ, ಉಳಿದದ್ದು ಹೊರಗಿನದು. ಎರಡು ಸೆಮಿಸ್ಟರ್ ಮುಗಿದಾಗ ಆರರಲ್ಲಿ ಐದು ಪತ್ರಿಕೆಯಾದರೂ ಪಾಸಾಗಿರಬೇಕು. ಅದಕ್ಕಿಂತ ಕಡಿಮೆಯಾದರೆ ಗಂಡ ಹೆಂಡತಿ ಇಬ್ಬರೂ ದಿನಚರಿಯ ಹಾಳೆಯೊಂದಿಗೆ ಮತ್ತೆ ಬರಬೇಕೆಂದು ಹೇಳಿ ಕಳಿಸಿದೆವು.