ಚಳಿಗಾಲದ ನಸುಕಿನಲ್ಲಿ ಕೊಪ್ಪಳದಿಂದ ಗಿಣಿಗೇರಾಕ್ಕೆ ಸೈಕಲ್ ಮೇಲೆ ಕೆಲಸಕ್ಕೆ ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ, ಮನೆ ಕೊಪ್ಪಳದಲ್ಲಿ, ಫಸ್ಟ್ ಶಿಫ್ಟ್ ಆರಕ್ಕೆ ಶುರು. ಬೈಕ್ ಕೊಳ್ಳಲು ಸದ್ಯಕ್ಕೆ ದುಡ್ಡಿಲ್ಲ, ಸೈಕಲ್ ಇದೆ. ಈ ಚಳಿಯಲ್ಲಿ, ಲಾರಿಗಳ ನಡುವೆ ಹೋಗಿ ಬರಲು ಆಗುತ್ತದಾ ಅಂತ ಕೇಳಿದ್ದೀರಿ. ಸೈಕಲ್‌ನವರಿಗೂ ರಸ್ತೆ ಸರಿಮಾಡಿ ಅಂತ ಯಾರ ಬಾಗಿಲು ತಟ್ಟಬೇಕು ಅಂತಲೂ ಕೇಳಿದ್ದೀರಿ. ಇದೇ ದಾರಿಯಲ್ಲಿ ವರ್ಷಗಟ್ಟಲೆ ಸೈಕಲ್ ತುಳಿದಿದ್ದೇನೆ, ಈಗಲೂ ತುಳಿಯುತ್ತೇನೆ. ಹೋಗಬಹುದು. ಆದರೆ ನೀವು ಹೆದರಬೇಕಾದ್ದು ಕತ್ತಲಿಗೆ. ಚಳಿ ದೊಡ್ಡ ವಿಷಯವೇ ಅಲ್ಲ.

ಚಳಿ ಮಾತು ಮೊದಲು ಮುಗಿಸಿಬಿಡುತ್ತೇನೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ನಮ್ಮ ಕಡೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಗಿಣಿಗೇರಾ ಇರೋದು ಕೊಪ್ಪಳದ ಪೂರ್ವಕ್ಕೆ, ಈ ಕಾಲದಲ್ಲಿ ಮೂಡಣ ಗಾಳಿ ಎದುರಿಗೇ ಬೀಸುತ್ತದೆ. ಮೊದಲ ಹತ್ತು ನಿಮಿಷ ಕಿವಿ, ಬೆರಳು ಜುಮ್ಮೆನ್ನುತ್ತವೆ, ಆಮೇಲೆ ಬೆವರು ಶುರು. ದಪ್ಪ ಸ್ವೆಟರ್ ಬೇಡ, ತೆಳುವಾದ ಎರಡು ಅಂಗಿ ಸಾಕು. ಕೈಗೆ ಹತ್ತಿ ಗ್ಲೌಸ್. ಮಂಕಿ ಕ್ಯಾಪ್ ಮಾತ್ರ ದಯವಿಟ್ಟು ಹಾಕಬೇಡಿ. ಕಿವಿ ಮುಚ್ಚಿದರೆ ಹಿಂದಿನ ಗಾಡಿಯ ಸದ್ದು ಕೇಳಿಸೋದಿಲ್ಲ, ತಿರುಗಿ ನೋಡಿದರೆ ಕಣ್ಣಿಗೆ ಟೊಪ್ಪಿಯೇ ಅಡ್ಡ. ಶಾಲು ಹೊದ್ದು ಹೋಗುವವರನ್ನೂ ನೋಡುತ್ತೇನೆ. ಅದರ ತುದಿ ಚೈನಿಗೆ ಸಿಕ್ಕರೆ ರಸ್ತೆ ನಡುವೆಯೇ ಬೀಳುತ್ತೀರಿ.

ಈಗ ಕತ್ತಲು. ಜನವರಿಯಲ್ಲಿ ಕೊಪ್ಪಳದಲ್ಲಿ ಸೂರ್ಯ ಹುಟ್ಟೋದು ಸುಮಾರು 6.50ಕ್ಕೆ. ಆರರ ಶಿಫ್ಟ್‌ಗೆ ನೀವು ಐದಕ್ಕೆಲ್ಲ ಮನೆ ಬಿಡಬೇಕು. ಅಂದರೆ ಆ ಹತ್ತು-ಹನ್ನೆರಡು ಕಿಲೋಮೀಟರ್ ಪೂರ್ತಿ ಕತ್ತಲಲ್ಲೇ ಹೋಗುತ್ತೀರಿ. 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಡ್ರೈವರ್ ನಿಮ್ಮನ್ನು ಕಂಡು ಕಾಲು ಬ್ರೇಕಿಗೆ ಇಡುವ ಒಂದೂವರೆ ಸೆಕೆಂಡಿನಲ್ಲಿ ಲಾರಿ 25 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ಬ್ರೇಕ್ ಹಿಡಿಯಬೇಕು, ಅದೂ ಅದಿರು ತುಂಬಿದ ಲಾರಿ. ಕರಿ ಸ್ವೆಟರ್ ಹಾಕಿ, ಲೈಟಿಲ್ಲದೆ ಹೋದರೆ ಅಷ್ಟು ದೂರದಿಂದ ನೀವು ಅವನಿಗೆ ಕಾಣುವುದೇ ಇಲ್ಲ. ಚಹಾದಂಗಡಿಯಲ್ಲಿ ಒಬ್ಬ ಲಾರಿ ಡ್ರೈವರ್ ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ಅಣ್ಣಾ, ಎದುರಗಡೆ ಲೈಟ್ ಬಿತ್ತಂದ್ರ ನೀವು ಇದ್ದೀರೋ ಇಲ್ಲೋ ಗೊತ್ತೇ ಆಗಂಗಿಲ್ಲ. ನಮಗೂ ಜೀವ ಕೈಯಾಗ ಬರ್ತದ."

ಅದಕ್ಕೆ ದುಡ್ಡು ಖರ್ಚು ಮಾಡೋದಾದರೆ ಮೊದಲು ಹಿಂದಿನ ಕೆಂಪು ಲೈಟಿಗೆ ಮಾಡಿ, ಮುಂದಿನದು ಆಮೇಲೆ. ಮೊಬೈಲ್ ಚಾರ್ಜರ್‌ಗೆ ಹಾಕುವಂಥದ್ದು ಸಾಕು, ಜಾಸ್ತಿ ಬೆಲೆಯದು ಬೇಕಿಲ್ಲ. ಎಲ್ಲಿ ಕಟ್ಟುತ್ತೀರಿ ಅನ್ನೋದು ಮುಖ್ಯ. ಸೀಟಿನ ಕೆಳಗೆ ಕಟ್ಟಿ, ಕ್ಯಾರಿಯರ್ ಮೇಲೆ ಬುತ್ತಿ ಚೀಲ ಇಟ್ಟರೆ ಲೈಟ್ ಪೂರ್ತಿ ಮುಚ್ಚಿಹೋಗುತ್ತದೆ. ನಮ್ಮ ಫ್ಯಾಕ್ಟರಿ ಗೇಟಿನ ಹತ್ತಿರ ನಿಂತು ನೋಡಿದರೆ ಲೈಟ್ ಇರುವ ಅರ್ಧಕ್ಕರ್ಧ ಸೈಕಲ್‌ಗಳ ಕತೆ ಇದೇ. ಕ್ಯಾರಿಯರ್‌ನ ಹಿಂದಿನ ತುದಿಗೇ ಕಟ್ಟಿ. ಒಮ್ಮೆ ಸೈಕಲ್ ಸ್ಟ್ಯಾಂಡ್ ಹಾಕಿ, ಚೀಲ ಇಟ್ಟು, ಐವತ್ತು ಹೆಜ್ಜೆ ಹಿಂದೆ ಹೋಗಿ ನಿಮ್ಮ ಕಣ್ಣಿನಿಂದಲೇ ನೋಡಿಕೊಳ್ಳಿ.

ಆಮೇಲೆ ರೇಡಿಯಂ. ಲಾರಿಗಳಿಗೆ ಅಂಟಿಸುವ ಕೆಂಪು-ಬಿಳಿ ಪಟ್ಟಿ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲರೂ ಹಿಂದಿನ ಮಡ್‌ಗಾರ್ಡ್‌ಗೆ ಮಾತ್ರ ಅಂಟಿಸುತ್ತಾರೆ. ನೀವು ಪೆಡಲ್‌ಗೆ, ಪೆಡಲ್ ಕೂರುವ ಕ್ರ್ಯಾಂಕ್ ತೋಳಿಗೆ, ಶೂ ಹಿಮ್ಮಡಿಗೂ ಅಂಟಿಸಿ. ಸುಮ್ಮನೆ ನಿಂತ ಹೊಳಪು ಕಿಲೋಮೀಟರ್ ಕಲ್ಲೋ, ನಿಂತ ಟ್ರೇಲರೋ ಡ್ರೈವರ್‌ಗೆ ಗೊತ್ತಾಗೋದಿಲ್ಲ. ಮೇಲೆ ಕೆಳಗೆ ಆಡುವ ಎರಡು ಚುಕ್ಕೆ ಕಂಡರೆ ಮನುಷ್ಯ ತುಳಿಯುತ್ತಿದ್ದಾನೆ ಅಂತ ತಕ್ಷಣ ಗೊತ್ತಾಗುತ್ತದೆ. ಹೊಸ ಸೈಕಲ್‌ಗೆ ಬಿಐಎಸ್ ಗುರುತಿನ ರಿಫ್ಲೆಕ್ಟರ್ ಇರಲೇಬೇಕು ಅನ್ನೋ ನಿಯಮ ಈಗ ಇದೆ. ಆದರೆ ನಮ್ಮವೆಲ್ಲ ಹಳೇ ಸೈಕಲ್‌ಗಳು, ನಾವೇ ಹಾಕಿಸಿಕೊಳ್ಳಬೇಕು. ಫ್ಯಾಕ್ಟರಿ ರಿಫ್ಲೆಕ್ಟರ್ ಜಾಕೆಟ್ ಕೊಟ್ಟರೆ ಅದನ್ನು ಲಾಕರ್‌ನಲ್ಲಿ ಇಟ್ಟು ಬರಬೇಡಿ, ಮನೆಯಿಂದಲೇ ಹಾಕಿಕೊಂಡು ಹೊರಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಮುಂದೆ ಜನರಲ್ ಶಿಫ್ಟ್ ಬಿದ್ದು ಏಳು ಗಂಟೆಗೆ ಹೊರಟರೆ, ಕತ್ತಲಿಲ್ಲ ಅಂತ ನಿಶ್ಚಿಂತೆಯಾಗಿ ಇರಬೇಡಿ. ಆಗ ಸೂರ್ಯ ನೇರ ಎದುರಿಗಿರುತ್ತಾನೆ. ನಿಮ್ಮ ಹಿಂದೆ ಬರುವ ಡ್ರೈವರ್ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತದೆ, ಗಾಜಿನ ಮೇಲೆ ಕೆಂಪು ಧೂಳು ಬೇರೆ. ಸಂಜೆ ಐದೂವರೆಗೆ ಕೊಪ್ಪಳದ ಕಡೆ ತಿರುಗಿದರೆ ಮತ್ತೆ ಸೂರ್ಯ ಎದುರಿಗೇ. ಆ ಅರ್ಧ ತಾಸು ಹಗಲಲ್ಲೂ ಹಿಂದಿನ ಲೈಟ್ ಹಾಕಿಕೊಂಡೇ ತುಳಿಯಿರಿ.

ರಸ್ತೆ ಮೇಲೆ ಏನೇನು ಸಿಗುತ್ತದೆ ಅಂತಲೂ ಹೇಳಬೇಕು. ಈ ಕಾಲ ಅಂದರೆ ನೆಲ್ಲಿನ ಸುಗ್ಗಿ. ಗಂಗಾವತಿ, ಕಾರಟಗಿ ಕಡೆಯಿಂದ ಹುಲ್ಲು ಹೇರಿದ ಟ್ರ್ಯಾಕ್ಟರ್ ಬರುತ್ತವೆ. ಹುಲ್ಲು ಟ್ರೇಲರ್‌ನ ಎರಡೂ ಬದಿಗೆ ಚಾಚಿಕೊಂಡಿರುತ್ತದೆ, ಹಿಂದೆ ಲೈಟೇ ಇರೋದಿಲ್ಲ. ಹಳ್ಳಿ ದಾರಿ ಹಿಡಿದರೆ ರಸ್ತೆ ಅಂಚಿನಲ್ಲೇ ನೆಲ್ಲು ಒಣಹಾಕಿರುತ್ತಾರೆ. ರಾತ್ರಿ ತಾಡಪಾಲು ಮುಚ್ಚಿ ಸುತ್ತ ಕಲ್ಲು ಹೇರುತ್ತಾರೆ. ಕಾಳು ತುಂಬಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತವೆ. ತೆಂಗಿನಕಾಯಿ ಗಾತ್ರದ ಕಲ್ಲುಗಳು, ಸಾಲಾಗಿ, ಸರಿಯಾಗಿ ಸೈಕಲ್ ಹೋಗುವ ಜಾಗದಲ್ಲೇ. ಮುಂದಿನ ಲೈಟನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿಕೊಂಡರೆ ಇವು ಮೊದಲೇ ಕಾಣುತ್ತವೆ. ರೈತರಿಗೆ ಒಣಹಾಕಲು ಕಣವೇ ಇಲ್ಲ ಅನ್ನೋದೂ ನಿಜ, ಅದಕ್ಕೇ ನಾನು ಜಗಳಕ್ಕೆ ಹೋಗೋದಿಲ್ಲ. ಇಳಿದು ಕಲ್ಲು ಸರಿಸಿ ಮುಂದೆ ಹೋಗುತ್ತೇನೆ.

ಬಳ್ಳಾರಿ ಜಾಲಿ ಕಡಿದು ಎಳೆದುಕೊಂಡು ಹೋದ ಕಡೆ ಮುಳ್ಳು ಉದುರಿರುತ್ತವೆ. ನಸುಕಿನಲ್ಲಿ ಪಂಕ್ಚರ್ ಅಂಗಡಿ ಯಾವುದೂ ತೆರೆದಿರೋದಿಲ್ಲ. ಚಿಕ್ಕ ಪಂಪು, ಒಂದು ಟ್ಯೂಬು ಚೀಲದಲ್ಲಿರಲಿ. ರಿಮ್ ಮೇಲೆ ಇಬ್ಬನಿ ಕೂತಿದ್ದರೆ ಮೊದಲ ಸಲ ಬ್ರೇಕ್ ಜಾರುತ್ತದೆ, ಓಣಿಯಲ್ಲೇ ಒಂದೆರಡು ಸಲ ಹಿಡಿದು ಒರೆಸಿಕೊಳ್ಳಿ. ಇನ್ನು ಹೆಲ್ಮೆಟ್. ಫ್ಯಾಕ್ಟರಿಯ ಹಳದಿ ಟೋಪಿ ಮೇಲಿಂದ ಬೀಳುವ ವಸ್ತುವಿಗೆ ಮಾಡಿದ್ದು, ಸೈಕಲ್‌ನಿಂದ ಬಿದ್ದರೆ ಅದು ಕಾಯೋದಿಲ್ಲ. ಸೈಕಲ್ ಹೆಲ್ಮೆಟ್ಟೇ ಕೊಳ್ಳಿ.

ಮುನಿರಾಬಾದ್ ಕಡೆ, ಕಾಲುವೆ ಗದ್ದೆಗಳ ಹತ್ತಿರ ಕೆಲವು ದಿನ ಮಂಜು ದಟ್ಟವಾಗಿರುತ್ತದೆ. ಹುಲ್ಲು ಸುಟ್ಟ ಹೊಗೆಯೂ ಸೇರಿದರೆ ಕಣ್ಣು ಬಿಡಲಾಗೋದಿಲ್ಲ. ಮುಂದಿನ ಕರೆಂಟ್ ಕಂಬ ಕಾಣದಿದ್ದರೆ ಅವತ್ತು ಸೈಕಲ್ ಬಿಟ್ಟು ಕೆಕೆಆರ್‌ಟಿಸಿ ಬಸ್ ಹಿಡಿಯಿರಿ. ಮನೆಯವರಿಗೂ ಈ ಮಾತು ಕೊಟ್ಟಿಡಿ, ಅವರ ಅರ್ಧ ಭಯ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ನಿಮ್ಮ ಕೈಯಲ್ಲಿರೋದು ಅರ್ಧ ಮಾತ್ರ. ಉಳಿದರ್ಧ ರಸ್ತೆ ಮಾಡಿದವರದು. ನಮ್ಮ ಈ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಸೈಕಲ್‌ನವರು ರಾಂಗ್ ಸೈಡ್ ಬರುತ್ತಾರೆ ಅಂತ ಎಲ್ಲರೂ ಬೈಯುತ್ತಾರೆ. ನಾಲ್ಕು ಪಥದ ರಸ್ತೆ, ನಡುವೆ ಡಿವೈಡರ್. ದಾಟಲು ಜಾಗ ದೂರದಲ್ಲಿದ್ದರೆ ಎಂಟು ತಾಸು ಕುಲುಮೆ ಮುಂದೆ ನಿಂತು ಬಂದವನು ಅಷ್ಟು ದೂರ ಹೋಗಿ ತಿರುಗಿ ಬರುತ್ತಾನಾ? ನೀವು ಎಡಕ್ಕೇ ಹೋಗಿ, ರಾಂಗ್ ಸೈಡ್ ಖಂಡಿತ ಬೇಡ. ಆದರೆ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುವುದನ್ನು ನಾನು ಒಪ್ಪೋದಿಲ್ಲ. ರಸ್ತೆ ಮಾಡುವಾಗ ಲಾರಿಯ ಲೆಕ್ಕ ಹಾಕಿದರು, ಕೆಲಸಕ್ಕೆ ಹೋಗುವ ಮನುಷ್ಯನ ಲೆಕ್ಕ ಹಾಕಲಿಲ್ಲ.

ಯಾರನ್ನು ಕೇಳಬೇಕು ಅಂದಿರಲ್ಲ, ಪ್ರತಿ ಜಿಲ್ಲೆಯಲ್ಲೂ ರಸ್ತೆ ಸುರಕ್ಷತಾ ಸಮಿತಿ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಎಸ್‌ಪಿ, ಆರ್‌ಟಿಒ, ರಸ್ತೆ ಇಲಾಖೆಯವರು ಎಲ್ಲ ಅದೇ ಸಭೆಯಲ್ಲಿ ಕೂರುತ್ತಾರೆ. ಅರ್ಜಿ ಅಲ್ಲಿಗೇ ಕೊಡಿ. ಬೇರೆ ಕಚೇರಿಗೆ ಹೋದರೆ "ಇದು ನಮ್ಮ ವ್ಯಾಪ್ತಿಗೆ ಬರೋದಿಲ್ಲ" ಅಂತ ವಾಪಸ್ ಕಳಿಸುತ್ತಾರೆ, ನಮಗೂ ಹಾಗೇ ಆಯಿತು. "ಸೈಕಲ್ ಸವಾರರಿಗೆ ರಕ್ಷಣೆ ಕೊಡಿ" ಅಂತ ಬರೆದರೆ ಅದು ಫೈಲಿನಲ್ಲೇ ಮಲಗುತ್ತದೆ. ಒಂದು ಅರ್ಜಿಗೆ ಒಂದೇ ಜಾಗ, ಒಂದೇ ಬೇಡಿಕೆ ಇರಲಿ. ಕಿಲೋಮೀಟರ್ ಕಲ್ಲಿನ ನಂಬರ್, ಶಿಫ್ಟ್ ಬಿಡುವ ಹೊತ್ತು, ಆ ಹೊತ್ತಿನಲ್ಲೇ ತೆಗೆದ ಫೋಟೊ ಇರಲಿ. "ಇಲ್ಲಿ ದೀಪ ಬೇಕು", "ಇಲ್ಲಿ ಅಂಚಿನಲ್ಲಿ ಲಾರಿ ನಿಲ್ಲಿಸುವುದನ್ನು ತಡೆಯಿರಿ", "ಇಲ್ಲಿಂದ ಅಲ್ಲಿವರೆಗೆ ಸರ್ವಿಸ್ ರಸ್ತೆ ಬೇಕು" ಅಂತ ನೇರವಾಗಿ ಕೇಳಿ. ಒಬ್ಬರೇ ಸಹಿ ಹಾಕಬೇಡಿ, ನಿಮ್ಮ ಶಿಫ್ಟಿನವರೆಲ್ಲ ಹಾಕಲಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಲೇಬೇಡಿ. ಉತ್ತರ ಬರದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ.

ಅರ್ಜಿಯಲ್ಲಿ ಮೋಟಾರು ವಾಹನ ಕಾಯ್ದೆಯ 198ಎ ಕಲಂ ನಮೂದಿಸಿ. 2019ರ ತಿದ್ದುಪಡಿಯಲ್ಲಿ ಸೇರಿದ್ದು. ಸುರಕ್ಷತಾ ಮಾನದಂಡ ಪಾಲಿಸದೆ ರಸ್ತೆ ಮಾಡಿ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಇಲಾಖೆಗೆ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ದಂಡ ದೊಡ್ಡದಲ್ಲ. ಆದರೂ ಕಲಂ ನಂಬರ್ ಕಂಡರೆ ಓದುವವರು ಒಮ್ಮೆ ನಿಂತು ಓದುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ನಮಗೆ ಬೇಗ ಫಲ ಸಿಕ್ಕಿದ್ದು ಚಿಕ್ಕ ಕೆಲಸಗಳಲ್ಲಿ. ಒಂದು ಕ್ರಾಸಿನ ದೀಪಕ್ಕೆ ಗ್ರಾಮ ಪಂಚಾಯಿತಿ ಮೆಂಬರನ್ನು ಬೆನ್ನು ಹತ್ತಿದೆವು, ಹಾಕಿಸಿದರು. ನಮ್ಮ ಸೇಫ್ಟಿ ಆಫೀಸರ್ ಜೊತೆ ಕೂತು ಮಾತಾಡಿದ ಮೇಲೆ ಗುತ್ತಿಗೆ ಕಾರ್ಮಿಕರಿಗೂ ಜಾಕೆಟ್ ಬಂದವು. ಸುಗ್ಗಿ ಕಾಲದಲ್ಲಿ ನಾಲ್ಕೈದು ಜನ ಸೇರಿ ಎಪಿಎಂಸಿ ಹತ್ತಿರ ನಿಂತ ಟ್ರೇಲರ್‌ಗಳ ಹಿಂದೆ ರೇಡಿಯಂ ಅಂಟಿಸುತ್ತೇವೆ. ರೈತರು ಬೇಡ ಅನ್ನೋದಿಲ್ಲ, ಚಹಾ ಕುಡಿಸಿ ಕಳಿಸುತ್ತಾರೆ. ಸರ್ವಿಸ್ ರಸ್ತೆ ಮಾತ್ರ ಇನ್ನೂ ಆಗಿಲ್ಲ, ಕೇಳುತ್ತಲೇ ಇದ್ದೇವೆ.

ಕೊನೆಗೆ, ಯಾರಿಗೂ ಇಂಥದ್ದು ಬರೋದು ಬೇಡ, ಆದರೂ ಗೊತ್ತಿರಬೇಕಾದ ವಿಷಯ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಹೆದ್ದಾರಿಯಲ್ಲಾದರೆ 1033ಕ್ಕೂ ಮಾಡಬಹುದು. ನೆರವಾದವರನ್ನು ಕೇಸಿಗೆ ಎಳೆಯುವಂತಿಲ್ಲ, ಅದೇ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ, 7 ದಿನದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಗುದ್ದಿದ ಗಾಡಿ ಓಡಿಹೋಗಿ ಗೊತ್ತಾಗದಿದ್ದರೂ ಪರಿಹಾರ ಉಂಟು: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅರ್ಜಿಗೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬೇಕು. ಎಫ್‌ಐಆರ್ ಪ್ರತಿ ಜೋಪಾನ ಮಾಡಿ. ಇದು ಗೊತ್ತಿಲ್ಲದೆ ಎಷ್ಟೋ ಬಡ ಕುಟುಂಬಗಳು ಅರ್ಜಿಯನ್ನೇ ಹಾಕೋದಿಲ್ಲ. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಜನವರಿಯಲ್ಲಿ ಗವಿಮಠದ ಜಾತ್ರೆ ಹೊತ್ತಿಗೆ ರಾತ್ರಿಯಿಡೀ ಜನ ನಡೆದು ಬರುತ್ತಾರೆ, ರೊಟ್ಟಿ ತುಂಬಿದ ಟ್ರ್ಯಾಕ್ಟರ್‌ಗಳೂ ಬರುತ್ತವೆ. ಆ ವಾರ ಕಾಲು ತಾಸು ಮೊದಲೇ ಹೊರಡಿ. ನಿಮ್ಮದು ಯಾವ ಕಡೆಯ ಗೇಟು, ಯಾವ ಶಿಫ್ಟು ಅಂತ ಇಲ್ಲೇ ತಿಳಿಸಿ. ಸರ್ವಿಸ್ ರಸ್ತೆಗೆ ಹೊಸ ಅರ್ಜಿ ಬರೆಯುತ್ತಿದ್ದೇವೆ, ನಿಮ್ಮ ಶಿಫ್ಟಿನವರ ಸಹಿಯೂ ಸೇರಲಿ.