ಕಾಸರಗೋಡಿನ ಕನ್ನಡ ಶಾಲೆಯ ಪುಟ್ಟ ಮಕ್ಕಳು ಜಪಾನಿನ ಮಕ್ಕಳ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಲು ಯಾವ ಹೊತ್ತು ಸರಿ? ಏನು ತೋರಿಸಬಹುದು?

ಬೆಳಿಗ್ಗೆ ಹತ್ತೂಕಾಲಕ್ಕೆ ಇಟ್ಟುಕೊಳ್ಳಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಇಲ್ಲಿ 10.15 ಆದಾಗ ಅಲ್ಲಿ 1.45, ಊಟ ಮುಗಿದಿರುತ್ತದೆ. ನಮ್ಮ ಮಧ್ಯಾಹ್ನಕ್ಕೆ ಇಟ್ಟರೆ ಅವರು ಮನೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ.

ಸ್ವಾಗತಗೀತೆ, ಭಾಷಣ ಬೇಡವೇ ಬೇಡ. ಒಂದು ಮುಟ್ಟಾಳೆ ಸಾಕು: ನೆನೆಸಿದ ಅಡಿಕೆ ಹಾಳೆಯನ್ನು ಮಡಚಿ, ಹೊಲಿದು ಟೊಪ್ಪಿ ಮಾಡುವುದನ್ನು ಕ್ಯಾಮೆರಾದ ಹತ್ತಿರವೇ ತೋರಿಸಿ. ಒರಿಗಾಮಿಯಲ್ಲಿ ಕಾಗದ ಮಡಚಿ ಪಳಗಿದ ಮಕ್ಕಳಿಗೆ ಹೆಚ್ಚು ವಿವರಣೆ ಬೇಕಾಗದು. ಆಮೇಲೆ ಒಂದು ಲೋಟ ನೀರು ಎತ್ತಿ ಹಿಡಿಯಲಿ: ತುಳುವಿನಲ್ಲಿ ನೀರ್, ಮಲಯಾಳದಲ್ಲಿ ವೆಳ್ಳಂ, ಅವರಲ್ಲಿ ಮಿಝು. ಅಲ್ಲಿ ಮಕ್ಕಳೇ ಊಟ ಬಡಿಸಿ, ತರಗತಿ ಗುಡಿಸುತ್ತಾರೆ. ಆ ಬಗ್ಗೆ ನಮ್ಮವರು ಕೇಳಲಿ.

ಜುಲೈಯಲ್ಲಾದರೆ ಮೊಬೈಲ್ ಡೇಟಾ ಕೈಯಲ್ಲಿರಲಿ, ಮಳೆಗೆ ಕರೆಂಟ್ ನಂಬುವಂತಿಲ್ಲ!